‘ಶೀತರಕ್ತ’ ಎಂಬ ಪದ ಮತ್ತು ಊಟ ಬಿಟ್ಟ ಆಮೆ

ಶಾಲೆಯ ಜೀವವಿಜ್ಞಾನದಲ್ಲಿ ಒಮ್ಮೆ ಕಲಿತು, ಮತ್ತೆಂದೂ ಪ್ರಶ್ನಿಸದೆ ಉಳಿಸಿಕೊಳ್ಳುವ ಕೆಲವು ಪದಗಳಿವೆ. ‘ಶೀತರಕ್ತ ಪ್ರಾಣಿ’ ಅವುಗಳಲ್ಲೊಂದು. ಮೀನು, ಕಪ್ಪೆ, ಹಾವು, ಹಲ್ಲಿ, ಆಮೆ ಇವು ಶೀತರಕ್ತದವು. ಹಕ್ಕಿ ಮತ್ತು ಸಸ್ತನಿಗಳು ಬಿಸಿರಕ್ತದವು. ಎರಡು ಅಂಕದ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಸುಮಾರು ಮೂರು ದಶಕ ಪದವಿ ತರಗತಿಗಳಿಗೆ ಉಷ್ಣಶಾಸ್ತ್ರ ಬೋಧಿಸಿದ ನಾನೂ ಈ ಪದವನ್ನು ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ನೋಡುವಂತೆ ಮಾಡಿದ್ದು ಕಾಯಿಲೆ ಬಿದ್ದ ಒಂದು ಆಮೆ. ಅದರ ವಿಷಯದಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಆ ತಪ್ಪಿನ ಬೇರು ಈ ಪದದಲ್ಲೇ ಇತ್ತು ಎಂಬುದು ನನ್ನ ಈಗಿನ ಅಭಿಪ್ರಾಯ. ಆದ್ದರಿಂದ ಈ ಪದವನ್ನೂ, ಊಟ ಬಿಟ್ಟ ಆಮೆಗೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆಗಳನ್ನೂ ಇಲ್ಲಿ ವಿಮರ್ಶೆಗೆ ಒಳಪಡಿಸಿದ್ದೇನೆ.

ಭೋಜದ ಆಮೆ

ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮ ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿ ಇದೆ. ಕಬ್ಬು, ತಂಬಾಕು ಬೆಳೆಯುವ ಸೀಮೆ. ಅಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ಅವರ ಹೊಸಮನೆಯ ಪ್ರವೇಶಕ್ಕೆ ಯಾರೋ ಒಂದು ಜೀವಂತ ಆಮೆಯನ್ನು ಉಡುಗೊರೆಯಾಗಿ ತಂದುಕೊಟ್ಟಿದ್ದರು. ಮನೆಯ ಉತ್ತರ ದಿಕ್ಕಿನಲ್ಲಿ ಆಮೆ ಇದ್ದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಅದನ್ನು ಗಾಜಿನ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಬಿಸಿಲು ಬಾರದ ಒಳಕೋಣೆಯಲ್ಲಿ ಇಟ್ಟಿದ್ದರು. ಅನ್ನ, ಬ್ರೆಡ್ಡಿನ ಚೂರು ಅದರ ಆಹಾರ.

ಡಿಸೆಂಬರಿನ ಒಂದು ದಿನ ಆ ಮನೆಯ ಮಗಳು ಫೋನು ಮಾಡಿದಳು. ಪಿಯುಸಿ ವಿಜ್ಞಾನ ಓದುವ ಹುಡುಗಿ. “ಕಾಕಾ, ನಮ್ಮ ಆಮಿ ಹನ್ನೊಂದ ದಿನಾ ಆತು, ಏನೂ ತಿನ್ನವಲ್ದು. ಕಣ್ಣ ಮುಚ್ಚಿಕೊಂಡ ಕುಂತೈತಿ. ಅಜ್ಜಿ ಬಿಸಲಿಗೆ ಇಡ್ರಿ ಅಂತಾಳ. ಇಡೂದ?” ನಾನು ತಡಮಾಡದೆ ಉತ್ತರ ಕೊಟ್ಟೆ: “ಅದು ಶೀತರಕ್ತದ ಪ್ರಾಣಿ. ಬಿಸಲಿಗೆ ಇಡಬ್ಯಾಡ. ಹಸಿ ಗೋಣಿಚೀಲ ಹಾಸಿ ತಂಪ ಜಾಗಾದಾಗ ಇಡು.”

ಪ್ರೊಫೆಸರ್ ಹೇಳಿದ ಮೇಲೆ ಅಜ್ಜಿಯ ಮಾತಿಗೆ ಬೆಲೆ ಉಳಿಯಲಿಲ್ಲ. ಮೂರು ದಿನ ಆಮೆ ಹಸಿ ಗೋಣಿಯ ಮೇಲೆ ಕೂತಿತು. ನಾಲ್ಕನೆಯ ದಿನ ಬೇರೆ ಕೆಲಸಕ್ಕೆಂದು ಆ ಕಡೆ ಹೋದಾಗ ಮನೆಗೆ ಹೋದೆ. ಚೀಲದಲ್ಲಿ ಪ್ರಯೋಗಾಲಯದ ಒಂದು ತಾಪಮಾಪಕ ಇತ್ತು. ಬೆಳಿಗ್ಗೆ ಎಂಟಕ್ಕೆ ಕೋಣೆಯ ತಾಪ 19 ಡಿಗ್ರಿ ಸೆಲ್ಸಿಯಸ್. ಗೋಣಿಯ ಮೇಲೆ, ಆಮೆಯ ಹೊಟ್ಟೆಯ ಕೆಳಗೆ, 17. ಹೊರಗಿನ ಅಂಗಳದ ಕಲ್ಲು ಎಳೆಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು. ಆಮೆಯನ್ನು ಎತ್ತಿಕೊಂಡೆ. ಅದು ತಲೆಯನ್ನೂ ಒಳಗೆ ಎಳೆದುಕೊಳ್ಳಲಿಲ್ಲ. ಗಾಬರಿಯಾಗಿದ್ದು ಆಗಲೇ.

ಅರ್ಧ ವ್ಯಾಟ್‌ನ ಜೀವ

ಆ ಆಮೆ ಸುಮಾರು ಒಂದು ಕಿಲೋಗ್ರಾಂ ತೂಗುತ್ತಿತ್ತು. ಉದ್ದ 18 ಸೆಂ.ಮೀ., ಅಗಲ 12 ಸೆಂ.ಮೀ. ಇಷ್ಟು ತಿಳಿದರೆ ಉಳಿದುದನ್ನು ಪಿಯುಸಿ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಅಧ್ಯಾಪಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು.

ಒಂದು ಕಿಲೋಗ್ರಾಂ ತೂಕದ ಸಸ್ತನಿ ವಿಶ್ರಾಂತಿಯಲ್ಲಿದ್ದಾಗ ದಿನಕ್ಕೆ ಸುಮಾರು 70 ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತದೆ. ಅಷ್ಟೇ ತೂಕದ ಸರೀಸೃಪ, ಮೈ ಬೆಚ್ಚಗಿರುವಾಗ, ವ್ಯಯಿಸುವುದು ಸುಮಾರು 10 ಕಿಲೋಕ್ಯಾಲೊರಿ ಮಾತ್ರ. ಇದನ್ನು ಜೌಲ್‌ಗೆ ಪರಿವರ್ತಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿ. ಸಸ್ತನಿಗೆ ಸುಮಾರು 3.4 ವ್ಯಾಟ್, ಆಮೆಗೆ ಸುಮಾರು 0.5 ವ್ಯಾಟ್ ಬರುತ್ತದೆ. ಅಂದರೆ ಆಮೆಯೊಳಗಿನ ಒಲೆ ಅರ್ಧ ವ್ಯಾಟ್‌ನದು.

ಈ ಒಲೆ ಆಮೆಯನ್ನು ಎಷ್ಟು ಬೆಚ್ಚಗಿಡಬಲ್ಲದು? ಆಮೆಯ ಹೊರಮೈ ವಿಸ್ತೀರ್ಣ ಸುಮಾರು 0.05 ಚದರ ಮೀಟರ್. ನಿಂತ ಗಾಳಿಯಲ್ಲಿ ಸಂವಹನ ಮತ್ತು ವಿಕಿರಣ ಎರಡೂ ಸೇರಿ, ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಶಾಖ ಹೊರಹೋಗುತ್ತದೆ. ಆಮೆಯ ಮಟ್ಟಿಗೆ ಇದು ಪ್ರತಿ ಡಿಗ್ರಿಗೆ 0.5 ವ್ಯಾಟ್. ಆದ್ದರಿಂದ ಆಮೆಯ ಒಳಗಿನ ಅರ್ಧ ವ್ಯಾಟ್ ಅದರ ಮೈಯನ್ನು ಸುತ್ತಲಿನ ಗಾಳಿಗಿಂತ ಸುಮಾರು ಒಂದು ಡಿಗ್ರಿ ಮಾತ್ರ ಹೆಚ್ಚು ಬೆಚ್ಚಗೆ ಇಡಬಲ್ಲದು. ಅದಕ್ಕಿಂತ ಹೆಚ್ಚಿಲ್ಲ. ಕಂಬಳಿ ಹೊದಿಸಿದರೂ ವಿಶೇಷ ಪ್ರಯೋಜನವಿಲ್ಲ. ಕಂಬಳಿ ಶಾಖವನ್ನು ತಡೆಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಇನ್ನು ಬಿಸಿಲನ್ನು ನೋಡಿ. ಆಮೆಯ ನೆರಳಿನ ವಿಸ್ತೀರ್ಣ ಸುಮಾರು 0.017 ಚದರ ಮೀಟರ್. ಚಳಿಗಾಲದ ಬೆಳಗಿನ ಬಿಸಿಲು ಚದರ ಮೀಟರಿಗೆ 700 ವ್ಯಾಟ್ ಎಂದೂ, ಚಿಪ್ಪು ಅದರ ಶೇಕಡಾ 70ನ್ನು ಹೀರುತ್ತದೆ ಎಂದೂ ಇಟ್ಟುಕೊಂಡರೆ, ಆಮೆಗೆ ಸಿಗುವುದು 8 ವ್ಯಾಟ್‌ಗೂ ಸ್ವಲ್ಪ ಹೆಚ್ಚು. ತನ್ನ ಸ್ವಂತ ಉತ್ಪಾದನೆಯ ಹದಿನಾರು ಪಟ್ಟು! ಒಂದು ಕಿಲೋಗ್ರಾಂ ಪ್ರಾಣಿದೇಹವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 3,500 ಜೌಲ್ ಬೇಕು. ಆದ್ದರಿಂದ ಅರ್ಧ ಗಂಟೆಯ ಬಿಸಿಲು ಆಮೆಯ ಮೈಯನ್ನು ಸುಮಾರು ನಾಲ್ಕು ಡಿಗ್ರಿ ಏರಿಸುತ್ತದೆ.

ಈ ಲೆಕ್ಕದಲ್ಲಿ ‘ಶೀತ’ ಎಂಬುದು ಎಲ್ಲಿದೆ? ಬಿಸಿಲಿನಲ್ಲಿ ಕೂತ ಆಮೆಯ ರಕ್ತ 33 ಡಿಗ್ರಿ ಇರಬಹುದು. ನಮ್ಮ ರಕ್ತಕ್ಕಿಂತ ಬಹಳ ಕಡಿಮೆಯೇನಲ್ಲ. ನೆರಳಿನ ಗೋಣಿಯ ಮೇಲೆ ಅದೇ ರಕ್ತ 17 ಡಿಗ್ರಿ. ವ್ಯತ್ಯಾಸ ಇರುವುದು ರಕ್ತದಲ್ಲಲ್ಲ, ಶಾಖ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ನಾವು ಶಾಖವನ್ನು ಅನ್ನದಿಂದ ಪಡೆಯುತ್ತೇವೆ; ಆಮೆ ಸೂರ್ಯನಿಂದ ಪಡೆಯುತ್ತದೆ. ಹಸಿದ ಮನುಷ್ಯನಿಗೆ ಅನ್ನ ಬೇಡ ಎನ್ನುವುದೂ, ಸೋತ ಆಮೆಗೆ ಬಿಸಿಲು ಬೇಡ ಎನ್ನುವುದೂ ಒಂದೇ. ನಾನು ಅದನ್ನೇ ಹೇಳಿದ್ದೆ.

ಪದದ ಹುಟ್ಟು

ಪ್ರಾಣಿಗಳನ್ನು ರಕ್ತದ ಬಿಸಿ-ತಂಪುಗಳ ಮೇಲೆ ವಿಂಗಡಿಸುವ ಕ್ರಮಕ್ಕೆ ಲಿನ್ನೇಯಸ್ 1758ರ ತನ್ನ ವರ್ಗೀಕರಣ ಗ್ರಂಥದಲ್ಲಿ ಅಧಿಕೃತ ಸ್ಥಾನ ಕೊಟ್ಟ. ಸಸ್ತನಿ ಮತ್ತು ಪಕ್ಷಿಗಳದು ಬಿಸಿ ಕೆಂಪು ರಕ್ತ; ಮೀನುಗಳದು, ಹಾಗೂ ಕಪ್ಪೆ-ಹಾವು-ಆಮೆಗಳಿದ್ದ ಗುಂಪಿನದು ತಂಪು ಕೆಂಪು ರಕ್ತ. ಮುಟ್ಟಿ ನೋಡಿದ ಕೈಗೆ ಇದು ಸರಿಯೆನಿಸುತ್ತದೆ. ಆದರೆ ಮುಟ್ಟಿದ್ದು ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಎಂಬ ಪ್ರಶ್ನೆಯನ್ನು ಈ ವರ್ಗೀಕರಣ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದವನು ಅದೇ ಶತಮಾನದ ಒಬ್ಬ ಹಳ್ಳಿಯ ಪಾದ್ರಿ. ಇಂಗ್ಲೆಂಡಿನ ಸೆಲ್‌ಬೋರ್ನ್ ಗ್ರಾಮದ ಗಿಲ್ಬರ್ಟ್ ವೈಟ್, 1780ರಲ್ಲಿ ತನ್ನ ಸೋದರತ್ತೆಯ ಆಮೆಯನ್ನು ಮನೆಗೆ ತಂದ. ಅದರ ಹೆಸರು ತಿಮೋತಿ. ಅದನ್ನು ಆಗಾಗ ತೂಗಿದ. ಅದು ಯಾವಾಗ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಯಾವಾಗ ಮಣ್ಣು ತೋಡಿ ಮಲಗುತ್ತದೆ ಎಂಬುದನ್ನು ಬರೆದಿಟ್ಟ. ಶರತ್ಕಾಲದಲ್ಲಿ ಆಮೆ ಹಣ್ಣಿನ ತೋಟದ ಗೋಡೆಗೆ ಚಿಪ್ಪನ್ನು ಓರೆಯಾಗಿ ಆನಿಸಿಕೊಂಡು ಕ್ಷೀಣವಾದ ಬಿಸಿಲನ್ನು ಹಿಡಿಯುತ್ತದೆ ಎಂಬುದು ಅವನ ಅವಲೋಕನಗಳಲ್ಲೊಂದು. 1789ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ತಿಮೋತಿಯ ವಿವರಗಳಿವೆ. ತಿಮೋತಿ ಹೆಣ್ಣು ಎಂದು ತಿಳಿದದ್ದು ಅದು ಸತ್ತ ಮೇಲೆ, ಚಿಪ್ಪನ್ನು ಪರೀಕ್ಷಿಸಿದಾಗ.

ಚಿಪ್ಪನ್ನು ಓರೆ ಮಾಡುವುದರಲ್ಲಿ ಸೊಗಸಾದ ಭೌತವಿಜ್ಞಾನವಿದೆ. ಅಕ್ಟೋಬರ್ ನಡುವಿನಲ್ಲಿ ಆ ಊರಿನ ಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಮತಲದ ಮೇಲೆ ಬೀಳುವ ಬಿಸಿಲು ಆಗ ಅರ್ಧಕ್ಕೆ ಇಳಿಯುತ್ತದೆ. ಸೂರ್ಯನಿಗೆ ಎದುರಾಗಿ ಬೆನ್ನು ತಿರುಗಿಸಿದರೆ ಪೂರ್ತಿ ಸಿಗುತ್ತದೆ. ತ್ರಿಕೋಣಮಿತಿ ಕಲಿಯದ ಆಮೆ ತನಗೆ ಬೇಕಾದಷ್ಟನ್ನು ತಿಳಿದಿದೆ. ತನ್ನ ತಾಪವನ್ನು ಹೀಗೆ ನಡೆದು, ತಿರುಗಿ, ಓರೆಯಾಗಿ ನಿಯಂತ್ರಿಸಿಕೊಳ್ಳುವ ಪ್ರಾಣಿಯನ್ನು ‘ತಾಪವನ್ನು ನಿಯಂತ್ರಿಸಲಾರದ ಪ್ರಾಣಿ’ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ನಿಯಂತ್ರಿಸಲಾರದ್ದು ಗಾಜಿನ ತೊಟ್ಟಿಯಲ್ಲಿ ಇಟ್ಟ ಆಮೆ. ಅಲ್ಲಿ ಎಲ್ಲ ಮೂಲೆಗಳೂ ಒಂದೇ ತಾಪದಲ್ಲಿರುತ್ತವೆ.

ಮೂರು ಸಲಹೆಗಳು

ಊಟ ಬಿಟ್ಟ ಆಮೆಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಮೂರು.

ಮೊದಲನೆಯದು ನನ್ನದೇ: ತಂಪಾಗಿ ಇಡಿ. ತಾಪ ಹತ್ತು ಡಿಗ್ರಿ ಇಳಿದರೆ ಸರೀಸೃಪದ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿಯುತ್ತದೆ. 30 ಡಿಗ್ರಿಯಲ್ಲಿ ನಡೆಯುತ್ತಿದ್ದ ಜೀರ್ಣಕ್ರಿಯೆ 17 ಡಿಗ್ರಿಯಲ್ಲಿ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಹಸಿವಾಗದಿರುವುದು ಸಹಜ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. 1970ರ ದಶಕದಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನ ಎಂಬ ಹಲ್ಲಿಜಾತಿಯ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದರು. ಬ್ಯಾಕ್ಟೀರಿಯಾ ಸೋಂಕು ತಗಲಿದ ಇಗ್ವಾನಗಳು ಮಾಮೂಲಿಗಿಂತ ಹೆಚ್ಚು ಬಿಸಿಯಾದ ಜಾಗವನ್ನು ಹುಡುಕಿಕೊಂಡು ಹೋಗಿ ಕೂತವು. ಅಂದರೆ ಅವು ಹೊರಗಿನ ಶಾಖದಿಂದ ಜ್ವರ ಬರಿಸಿಕೊಂಡವು! 1975ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸೋಂಕಿನ ಬಳಿಕ ಹೆಚ್ಚಿನ ತಾಪದಲ್ಲಿ ಇಟ್ಟವು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ಕಡಿಮೆ ತಾಪದಲ್ಲಿ ಇಟ್ಟವು ಹೆಚ್ಚು ಸತ್ತವು. ಎಲ್ಲ ಸರೀಸೃಪಗಳಲ್ಲೂ ಈ ವರ್ತನೆ ಒಂದೇ ರೀತಿ ಕಂಡಿಲ್ಲವಾದರೂ, ಕಾಯಿಲೆ ಬಿದ್ದ ಆಮೆಯನ್ನು ತಂಪಿನಲ್ಲಿ ಕೂರಿಸುವುದು ಅದರ ಕೈಯಲ್ಲಿದ್ದ ಆಯುಧವನ್ನು ಕಿತ್ತುಕೊಂಡಂತೆ ಎಂಬುದರಲ್ಲಿ ಅನುಮಾನವಿಲ್ಲ.

ಎರಡನೆಯ ಸಲಹೆ: ಅದು ಚಳಿನಿದ್ರೆಯಲ್ಲಿದೆ, ಹಾಗೇ ಬಿಡಿ. ಇದು ಯುರೋಪಿನ ಆಮೆಗಳ ಕುರಿತ ಪುಸ್ತಕಗಳಿಂದ ಬಂದ ಮಾತು. ಮೆಡಿಟರೇನಿಯನ್ ಸೀಮೆಯ ಆಮೆಗಳು ತಿಂಗಳುಗಟ್ಟಲೆ ಚಳಿನಿದ್ರೆ ಮಾಡುವುದು ನಿಜ. ಬ್ರಿಟನ್ನಿನ ಪಶುವೈದ್ಯ ಆಲಿಫಂಟ್ ಜಾಕ್ಸನ್, ಅಂಥ ಎರಡು ಜಾತಿಯ ಆಮೆಗಳ ಉದ್ದ ಮತ್ತು ತೂಕಗಳ ಸಂಬಂಧವನ್ನು ರೇಖಾಚಿತ್ರವಾಗಿ ಕೊಟ್ಟಿದ್ದಾರೆ. ಆಮೆ ನಿದ್ರೆಗೆ ಹೋಗುವಷ್ಟು ಪುಷ್ಟವಾಗಿದೆಯೇ ಎಂದು ತಿಳಿಯಲು ಅದು ಉಪಯುಕ್ತ. ಆದರೆ ಭೋಜದ ಮನೆಯಲ್ಲಿದ್ದದ್ದು ನಮ್ಮ ನಾಡಿನ ನಕ್ಷತ್ರ ಆಮೆ. ಅದು ಚಳಿನಿದ್ರೆಯ ಪ್ರಾಣಿಯಲ್ಲ. ಚಿಪ್ಪಿನ ಆಕಾರವೇ ಬೇರೆಯಾದ್ದರಿಂದ ಜಾಕ್ಸನ್ ರೇಖೆಯೂ ಅದಕ್ಕೆ ಹೊಂದುವುದಿಲ್ಲ. ಒಂದು ಜಾತಿಯಲ್ಲಿ ಅಳೆದುದನ್ನು ಇನ್ನೊಂದಕ್ಕೆ ಅನ್ವಯಿಸುವ ಮುನ್ನ ಅದು ಅನ್ವಯಿಸುತ್ತದೆಯೇ ಎಂದು ಕೇಳಬೇಕು. ವಿಜ್ಞಾನದ ವಿದ್ಯಾರ್ಥಿಗೆ ಇದನ್ನು ಹೇಳಬೇಕಾಗಿಲ್ಲ. ಆದರೂ ಮರೆಯುವವರು ನಾವೇ.

ಮೂರನೆಯದು: ಬಾಯಿ ತೆರೆಸಿ ಹಾಲನ್ನೋ ಗಂಜಿಯನ್ನೋ ಸುರಿಯಿರಿ. ಬಿಸಿಲಿನ ವಿಷಯದಲ್ಲಿ ಸರಿಯಾಗಿದ್ದ ಅಜ್ಜಿ ಈ ವಿಷಯದಲ್ಲಿ ತಪ್ಪಿದ್ದರು. ಚಮಚ ಹಿಡಿದು ಸಿದ್ಧರಾಗಿದ್ದರು. ತಣ್ಣಗಿನ ಕರುಳಿಗೆ ಬಿದ್ದ ಆಹಾರ ಜೀರ್ಣವಾಗದೆ ಕೊಳೆಯುತ್ತದೆ. ಬಲವಂತದಿಂದ ಸುರಿದ ದ್ರವ ಶ್ವಾಸನಾಳಕ್ಕೆ ಹೋಗಬಹುದು. ನಕ್ಷತ್ರ ಆಮೆ ಹುಲ್ಲು, ಸೊಪ್ಪು ತಿನ್ನುವ ಪ್ರಾಣಿ. ಹಾಲು ಅದರ ಆಹಾರವೇ ಅಲ್ಲ. ಅಲ್ಲದೆ ಹನ್ನೊಂದು ದಿನದ ಉಪವಾಸ ಕೇಳಲು ಭಯಂಕರವಾದರೂ, 17 ಡಿಗ್ರಿಯ ಆಮೆಗೆ ಅದರ ವೆಚ್ಚ ದಿನಕ್ಕೆ ಮೂರು ಕಿಲೋಕ್ಯಾಲೊರಿಯ ಆಸುಪಾಸು, ಒಟ್ಟು ಮೂವತ್ತು ಚಿಲ್ಲರೆ. ಆ ಆಮೆಗೆ ತುರ್ತಾಗಿ ಬೇಕಾಗಿದ್ದದ್ದು ಶಾಖ, ಅನಂತರ ನೀರು, ಕೊನೆಗೆ ಆಹಾರ. ಈ ಅನುಕ್ರಮ ಮುಖ್ಯ.

ನಾವು ಮಾಡಿದ್ದೂ ಅದನ್ನೇ. ಅಂಗಳದಲ್ಲಿ ಅರ್ಧ ಜಾಗ ಬಿಸಿಲು, ಅರ್ಧ ಜಾಗ ನೆರಳು ಇರುವಂತೆ ಹಲಗೆ ನಿಲ್ಲಿಸಿ ಆಮೆಯನ್ನು ಬಿಟ್ಟೆವು. ನೆರಳು ಕಡ್ಡಾಯ, ಓಡಿಹೋಗಲು ಜಾಗವಿಲ್ಲದ ಬಿಸಿಲಿನಲ್ಲಿ, ಅದರಲ್ಲೂ ಗಾಜಿನ ತೊಟ್ಟಿಯಲ್ಲಿ, ಆಮೆ ಬೆಂದೇ ಸಾಯುತ್ತದೆ. ಮಧ್ಯಾಹ್ನ ಅಗಲವಾದ ತಾಟಿನಲ್ಲಿ ಅದರ ಗದ್ದದ ಮಟ್ಟಕ್ಕಿಂತ ಕೆಳಗೆ ಉಗುರುಬೆಚ್ಚಗಿನ ನೀರು ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದೆವು. ಅದು ಕುತ್ತಿಗೆ ಚಾಚಿ ನೀರು ಕುಡಿಯಿತು. ರಾತ್ರಿಗೆ ಹಳೆಯ ತಂತುಬಲ್ಬೊಂದನ್ನು ಹುಡುಕಿ ಎತ್ತರದಲ್ಲಿ ತೂಗುಹಾಕಿದೆವು. ಎಲ್‌ಇಡಿ ಬಲ್ಬು ಇಲ್ಲಿ ಪ್ರಯೋಜನಕ್ಕೆ ಬಾರದು. ಶಾಖ ಕಡಿಮೆ ಮಾಡುವುದೇ ಅದರ ಗುಣ. ಮೂರನೆಯ ದಿನ ಹುಡುಗಿ ಫೋನಿನಲ್ಲಿ ಹೇಳಿದಳು: “ಕಾಕಾ, ದಾಸವಾಳದ ಎಲಿ ಕಚ್ಚೇತಿ.”

ಭೌತವಿಜ್ಞಾನದ ಮಿತಿ

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಲೆಕ್ಕಾಚಾರಕ್ಕೆ ಜಯವಾಗುತ್ತಿತ್ತು. ಆಮೆ ಎಲೆಯನ್ನು ಕಚ್ಚಿತು; ಹರಿಯಲು ಆಗಲಿಲ್ಲ. ಪಶುವೈದ್ಯರಲ್ಲಿಗೆ ಒಯ್ದಾಗ ಅವರು ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಅದು ಬಗ್ಗಿತು. “ಸರ್, ಶಾಖಾ ಕೊಟ್ಟಿದ್ದು ಬರೋಬರಿ. ಆದರ ಇದರ ದವಡಿ ಎಲುಬಿನ್ಯಾಗ ಶಕ್ತಿ ಇಲ್ಲ. ಹಸಿವಿ ಬಂದರೂ ತಿನ್ನಾಕ ಆಗೂದಿಲ್ಲ.”

ಕಾರಣ ಮತ್ತೆ ಬೆಳಕಿನದೇ, ಆದರೆ ಬೇರೆ ಬೆಳಕಿನದು. ಸೂರ್ಯನ ಬೆಳಕಿನಲ್ಲಿರುವ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳು ಚರ್ಮದಲ್ಲಿ ಡಿ ಜೀವಸತ್ವದ ಪೂರ್ವರೂಪವನ್ನು ತಯಾರಿಸುತ್ತವೆ. ಅದು ಡಿ3 ಆಗಿ ಬದಲಾಗಲು ಮೈ ಬೆಚ್ಚಗಿರಬೇಕು. ಡಿ3 ಇಲ್ಲದಿದ್ದರೆ ಆಹಾರದ ಕ್ಯಾಲ್ಸಿಯಂ ದೇಹಕ್ಕೆ ಸರಿಯಾಗಿ ಸೇರದು. ಮೂಳೆ ಮತ್ತು ಚಿಪ್ಪು ಮೆತ್ತಗಾಗುತ್ತವೆ. ಸಾಮಾನ್ಯ ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಗಾಜಿನ ಒಳಗೆ ಬರುವ ಬಿಸಿಲು ಬೆಚ್ಚಗಿರುತ್ತದೆ, ಬೆಳಗುತ್ತದೆ, ಆದರೆ ಮೂಳೆಗೆ ಏನನ್ನೂ ಕೊಡುವುದಿಲ್ಲ. ಆ ಒಳಕೋಣೆಗೆ ಆ ಬಿಸಿಲೂ ಇರಲಿಲ್ಲ. ಮೇಲೆ ಅನ್ನ ಮತ್ತು ಬ್ರೆಡ್ಡು: ಕ್ಯಾಲ್ಸಿಯಂ ಅತ್ಯಲ್ಪ. ತಿಂಗಳುಗಳ ಕೊರತೆಯನ್ನು ಮೂರು ದಿನದ ಬಿಸಿಲು ಸರಿಪಡಿಸದು.

ಇದರಿಂದ ನಾನು ಕಲಿತದ್ದು ಇಷ್ಟು. ತಾಪ ಅಳೆಯುವುದು ಮೊದಲ ಹೆಜ್ಜೆ, ಕೊನೆಯದಲ್ಲ. ಊಟ ಬಿಡುವುದು ಒಂದು ಲಕ್ಷಣ. ಅದರ ಹಿಂದೆ ಚಳಿ ಇರಬಹುದು, ಮೂಳೆಯ ದೌರ್ಬಲ್ಯ ಇರಬಹುದು, ಬಾಯಿಹುಣ್ಣು, ಹೊಟ್ಟೆಯ ಹುಳು, ಹೆಣ್ಣಾದರೆ ಹೊರಬಾರದ ಮೊಟ್ಟೆ ಇರಬಹುದು. ಮೂಗಿನಿಂದ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿದ ಕಣ್ಣು ಕಂಡರೆ ಲೆಕ್ಕ ಹಾಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನೊಂದು ಪದದ ತೊಡಕು

ಆ ಆಮೆಯನ್ನು ನೀರಿನಲ್ಲಿ ಇಟ್ಟದ್ದೇಕೆ? ‘ಆಮೆ’ ಎಂದರೆ ನೀರಿನ ಪ್ರಾಣಿ ಎಂಬ ಎಣಿಕೆಯಿಂದ. ಕನ್ನಡದ ಈ ಒಂದೇ ಪದ ಕಡಲಾಮೆ, ಕೆರೆಯ ಆಮೆ, ನೆಲದಾಮೆ ಮೂರನ್ನೂ ಸೂಚಿಸುತ್ತದೆ. ನದಿದಡದ ಭೋಜದಲ್ಲಿ ಜನರು ಕಂಡದ್ದು ನೀರಿನ ಆಮೆಗಳನ್ನೇ. ಕಾಲು ನೋಡಿದರೆ ಗುರುತು ಸುಲಭ: ಕಡಲಾಮೆಗೆ ಹುಟ್ಟಿನಂಥ ಕಾಲು, ಕೆರೆಯ ಆಮೆಗೆ ಬೆರಳುಗಳ ನಡುವೆ ಜಾಲಪೊರೆ, ನೆಲದಾಮೆಗೆ ಆನೆಯ ಕಾಲಿನಂಥ ಕಂಬಗಾಲು. ನಕ್ಷತ್ರ ಆಮೆ ಒಣಕುರುಚಲು ನೆಲದ ಪ್ರಾಣಿ. ಆಳವಾದ ನೀರಿನಲ್ಲಿ ಅದು ಮುಳುಗಿ ಸಾಯುತ್ತದೆ. ಪಾಠಗಳಲ್ಲಿ ಈ ಮೂರು ಹೆಸರುಗಳನ್ನು ಬೇರೆಬೇರೆಯಾಗಿ ಬಳಸುವುದು ಅಗತ್ಯ.

ಮುಖ್ಯವಾದ ಇನ್ನೊಂದು ಮಾತನ್ನು ಆ ಹುಡುಗಿಯೇ ಕೇಳಿದಳು: ಇದನ್ನು ನಾವು ಸಾಕಬಹುದೇ? ಇಲ್ಲ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. 2022ರ ತಿದ್ದುಪಡಿಯ ಬಳಿಕ ಒಂದನೆಯ ಅನುಸೂಚಿಯಲ್ಲಿದೆ. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದರ ವಾಣಿಜ್ಯ ವ್ಯಾಪಾರವೂ ನಿಷಿದ್ಧವಾಯಿತು. ಆದರೂ ಕಳ್ಳಸಾಗಣೆ ನಡೆಯುತ್ತದೆ. ನವೆಂಬರ್ 2018ರಲ್ಲಿ ಸಿಂಗಪುರದಲ್ಲಿ ರಕ್ಷಿಸಿದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದು ಪುನರ್ವಸತಿಗೆ ಒಪ್ಪಿಸಿದ್ದು ಸುದ್ದಿಯಾಗಿತ್ತು. ಭೋಜದ ಆಮೆಯನ್ನೂ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಕೊಡುವ ದಿನ ಅದು ಸಣ್ಣಗೆ ಹೆಚ್ಚಿದ ಸೊಪ್ಪನ್ನು ತಿನ್ನುತ್ತಿತ್ತು. ಚಿಪ್ಪು ಇನ್ನೂ ಮೆತ್ತಗೇ ಇತ್ತು. ಹುಡುಗಿ ತಾನು ಬರೆದಿಟ್ಟಿದ್ದ ತೂಕ ಮತ್ತು ತಾಪದ ಪಟ್ಟಿಯನ್ನೂ ಜೊತೆಗೆ ಕೊಟ್ಟಳು.

ಯಾವ ಪದ?

‘ಶೀತರಕ್ತ’ ಮಕ್ಕಳಿಗೆ ಸುಲಭ, ಬದಲಿಸುವುದೇಕೆ ಎಂದು ಕೆಲವು ಅಧ್ಯಾಪಕ ಮಿತ್ರರು ಕೇಳಿದ್ದಾರೆ. ಸುಲಭವೆಂಬುದು ನಿಜ. ಆದರೆ ಪದವೊಂದು ಪರೀಕ್ಷೆಯ ಹೊರಗೆ ಬಂದು ಮನೆಯಲ್ಲಿ ಬಳಕೆಯಾದಾಗ ಯಾವ ಕೆಲಸ ಮಾಡಿಸುತ್ತದೆ ಎಂಬುದನ್ನೂ ನೋಡಬೇಕು. ಈ ಪದ ಒಬ್ಬ ಪ್ರೊಫೆಸರನಿಂದ ಹಸಿ ಗೋಣಿ ಹಾಸಿಸಿತು. ‘ಹೊರಶಾಖದ ಪ್ರಾಣಿ’, ‘ಒಳಶಾಖದ ಪ್ರಾಣಿ’ ಎಂದರೆ ಅಷ್ಟೇ ಸುಲಭ. ಜೊತೆಗೆ ಶಾಖದ ಮೂಲವನ್ನೂ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಪದವನ್ನು ಓದುಗರು ಸೂಚಿಸಿದರೆ ಸಂತೋಷ.

ಪದವನ್ನು ಹೇಳಿಕೊಡುವ ಮುನ್ನ ಒಂದು ಪ್ರಯೋಗ ಮಾಡಿಸಿ. ಇದಕ್ಕೆ ಜೀವಂತ ಆಮೆ ಬೇಡ. ಒಂದು ಲೀಟರ್ ಹಿಡಿಸುವ ಡಬ್ಬಿಯ ಹೊರಗೆ ಮಸಿ ಬಳಿದು, 830 ಮಿ.ಲೀ. ನೀರು ತುಂಬಿ, ಮುಚ್ಚಳದ ರಂಧ್ರದಲ್ಲಿ ತಾಪಮಾಪಕ ಇಳಿಸಿ. ಇದರ ಶಾಖಧಾರಕತೆ ಒಂದು ಕಿಲೋಗ್ರಾಂ ಆಮೆಯಷ್ಟೇ. 35 ಡಿಗ್ರಿಯ ನೀರು ತುಂಬಿ ನೆರಳಿನಲ್ಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಿ. ನ್ಯೂಟನ್ನನ ಶೀತಲೀಕರಣ ನಿಯಮದ ರೇಖೆ ಸಿಗುತ್ತದೆ. ನೀರು ಕೋಣೆಯ ತಾಪಕ್ಕೆ ಇಳಿದ ಮೇಲೆ, ನೀರು ತಾಗದಂತೆ ಮುಚ್ಚಿದ 47 ಓಮ್‌ನ ರೋಧಕವೊಂದನ್ನು ಒಳಗಿಟ್ಟು, ಮೊಬೈಲಿನ 5 ವೋಲ್ಟ್ ಚಾರ್ಜರಿಗೆ ಜೋಡಿಸಿ. ಇದು ಅರ್ಧ ವ್ಯಾಟ್‌ನ ಒಲೆ. ಇಡೀ ದಿನ ಬಿಟ್ಟರೂ ತಾಪ ಒಂದೆರಡು ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಕೊನೆಗೆ ಡಬ್ಬಿಯನ್ನು ಅರ್ಧ ಗಂಟೆ ಬಿಸಿಲಿಗಿಡಿ, ಒಮ್ಮೆ ಮಲಗಿಸಿ, ಒಮ್ಮೆ ಸೂರ್ಯನ ಕಡೆಗೆ ಓರೆಯಾಗಿಸಿ.

ನಮ್ಮ ಕಡೆಯ ಹಲವು ಗುಡಿಗಳಲ್ಲಿ ದೇವರ ಎದುರು ಕಲ್ಲಿನ ಆಮೆಯೊಂದು ಇರುತ್ತದೆ. ಅಂಗಳದಲ್ಲಿರುವ ಅಂಥ ಕಲ್ಲಾಮೆಯನ್ನು ಬೆಳಿಗ್ಗೆ ಆರಕ್ಕೊಮ್ಮೆ, ಹತ್ತಕ್ಕೊಮ್ಮೆ ಮುಟ್ಟಿ ನೋಡಿ. ಶಾಖದ ಮಟ್ಟಿಗೆ ಜೀವಂತ ಆಮೆಗೂ ಅದಕ್ಕೂ ಇರುವ ವ್ಯತ್ಯಾಸ ಅರ್ಧ ವ್ಯಾಟ್, ಮತ್ತು ಬಿಸಿಲು ಇರುವೆಡೆಗೆ ನಡೆದುಹೋಗುವ ನಾಲ್ಕು ಕಾಲು. ತೊಟ್ಟಿಯಲ್ಲಿಟ್ಟು ಆ ಕಾಲುಗಳನ್ನು ವ್ಯರ್ಥ ಮಾಡಿದ ಮೇಲೆ, ಅದೇಕೆ ಉಣ್ಣುತ್ತಿಲ್ಲ ಎಂದು ಕೇಳುವುದಕ್ಕೆ ಅರ್ಥವಿಲ್ಲ.